ಹಳೇ ಸೈಕಲ್ ಫ್ರೇಮಿಗೆ ಸ್ಟಿಕ್ಕರ್: ಪೇಂಟ್ ಕೆರೆಯೋಕೆ ಮುಂಚೆನೇ ಶುರುವಾಗೋ ಕೆಲಸ

ಹಳೇ ಸೈಕಲ್ ರೆಸ್ಟೋರ್ ಮಾಡೋರು ಪೇಂಟ್ ಬಗ್ಗೆ ಮಾತಾಡ್ತಾರೆ, ಕ್ರೋಮ್ ಬಗ್ಗೆ ಮಾತಾಡ್ತಾರೆ, ಒರಿಜಿನಲ್ ಬೆಲ್ ಸಿಕ್ತು ಅಂತ ಖುಷಿ ಪಡ್ತಾರೆ, ಆದ್ರೆ ಸ್ಟಿಕ್ಕರ್ ಮಾತು ಬಂದ ತಕ್ಷಣ "ಅದು ಕೊನೇಲಿ ನೋಡ್ಕೊಳ್ಳೋಣ ಬಿಡಿ" ಅಂತಾರೆ. ನನ್ನ ಪ್ರಕಾರ ಇಡೀ ಕೆಲಸ ಕೆಡೋದೇ ಅಲ್ಲಿ. ಫ್ರೇಮನ್ನ ಕೆರೆಸಿ, ಪ್ರೈಮರ್ ಹೊಡೆಸಿ, ಕಪ್ಪು ಬಣ್ಣ ಮಿಂಚೋ ಹಾಗೆ ಮಾಡಿಸಿ ಆದ್ಮೇಲೆ ಆನ್‌ಲೈನಲ್ಲಿ ಒಂದು ಸ್ಟಿಕ್ಕರ್ ಸೆಟ್ ಹುಡುಕ್ತಾರೆ, ಯಾವುದೋ ಬೇರೆ ಮಾಡೆಲ್‌ದು, ಬೇರೆ ಕಾಲದ್ದು ಸಿಗುತ್ತೆ, ಕಣ್ಣಂದಾಜಲ್ಲಿ ಅಂಟಿಸ್ತಾರೆ, ಅಲ್ಲಿಗೆ ಆ ಸೈಕಲ್ ಹೊಸದಾಗಿ ಕಾಣುತ್ತೆ ನಿಜ, ಆದ್ರೆ ಆ ಸೈಕಲ್ ಆಗಿ ಉಳಿದಿರಲ್ಲ. ಹಳೇ ಪೇಂಟ್ ಒಂದ್ಸಲ ಕೆರೆದು ಹೋಯ್ತು ಅಂದ್ರೆ ಯಾವ ಅಕ್ಷರ ಎಲ್ಲಿತ್ತು, ಎಷ್ಟು ಎತ್ತರ ಇತ್ತು, ಚಿನ್ನದ ಗೆರೆ ಎಷ್ಟು ದಪ್ಪ ಇತ್ತು ಅನ್ನೋದಕ್ಕೆ ಸಾಕ್ಷಿನೇ ಇರಲ್ಲ.

ನಾನೀಗ ಮುಗಿಸಿರೋದು ನಮ್ಮ ದೊಡ್ಡಪ್ಪನ ರಾಲಿ ಸೈಕಲ್. ರಾಲಿ ಅಂದ್ರೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಕಂಪನಿ, 1880ರ ದಶಕದ ಕೊನೇಲಿ ಫ್ರಾಂಕ್ ಬೌಡನ್ ಬೆಳೆಸಿದ್ದು, ಹೆಡ್ ಬ್ಯಾಡ್ಜಲ್ಲಿ (ಹ್ಯಾಂಡಲ್ ಕೆಳಗೆ ಮುಂದುಗಡೆ ಇರೋ ಬಿಲ್ಲೆ), ಚೈನ್ ವೀಲಲ್ಲಿ ಕಾಣೋ ಆ ಕೊಕ್ಕರೆ ಬೌಡನ್ ಮನೆತನದ ಲಾಂಛನದಿಂದ ಬಂದಿದ್ದು. ಆದ್ರೆ ನಮ್ಮೂರುಗಳಲ್ಲಿ ಓಡಾಡಿದ ರಾಲಿಗಳಲ್ಲಿ ಎಷ್ಟೋ ಬಂಗಾಳದ ಆಸನ್ಸೋಲ್‌ನ ಸೆನ್-ರಾಲಿ ಫ್ಯಾಕ್ಟರೀಲಿ ತಯಾರಾದವು. ಆಮೇಲೆ ಸರ್ಕಾರ ಅದನ್ನ ವಹಿಸ್ಕೊಂಡು ಸೈಕಲ್ ಕಾರ್ಪೊರೇಷನ್ ಆಫ್ ಇಂಡಿಯಾ ಅಂತಾಯ್ತು. ದೊಡ್ಡಪ್ಪನದ್ದೂ ಆಸನ್ಸೋಲ್‌ದೇ. ಇಪ್ಪತ್ತೆಂಟು ಇಂಚಿನ ವೀಲು, ರಾಡ್ ಬ್ರೇಕು, ಪೂರ್ತಿ ಮುಚ್ಚೋ ಚೈನ್ ಕವರು. ಹೀಗಾಗಿ ಇದಕ್ಕೆ ನಾಟಿಂಗ್‌ಹ್ಯಾಮ್ ಹೆಸರಿರೋ ಸ್ಟಿಕ್ಕರ್ ಹಾಕೋದು ಸುಳ್ಳು. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಮಾರಾಟಕ್ಕಿಟ್ಟಿರೋ ಎಷ್ಟೋ ಸೈಕಲ್‌ಗಳಲ್ಲಿ ಇಂಗ್ಲೆಂಡ್ ಸ್ಟಿಕ್ಕರ್ ಇರುತ್ತೆ, ಹೆಡ್ ಬ್ಯಾಡ್ಜ್ ನೋಡಿದ್ರೆ ಕಥೆನೇ ಬೇರೆ. ಇನ್ನು ಕೆಲವರು ರೆನಾಲ್ಡ್ಸ್ 531 ಅನ್ನೋ ಹಸಿರು-ಚಿನ್ನದ ಸ್ಟಿಕ್ಕರ್ ಚೆನ್ನಾಗಿ ಕಾಣುತ್ತೆ ಅಂತ ಹಾಕ್ಬಿಡ್ತಾರೆ. 531 ಅನ್ನೋದು 1935ರಲ್ಲಿ ಬಂದ ಮ್ಯಾಂಗನೀಸ್-ಮಾಲಿಬ್ಡಿನಮ್ ಉಕ್ಕಿನ ಹಗುರ ಪೈಪು, ರೇಸಿಂಗ್, ಟೂರಿಂಗ್ ಸೈಕಲ್‌ಗಳಿಗೆ ಬಳಸಿದ್ದು. ಅಕ್ಕಿ ಮೂಟೆ ಹೊರೋ ನಮ್ಮ ರೋಡ್‌ಸ್ಟರ್, ಅಂದ್ರೆ ದಿನಬಳಕೆಯ ಗಟ್ಟಿ ಸೈಕಲ್, ಸಾದಾ ಸ್ಟೀಲು. ಅದರಲ್ಲಿ ನಾಚಿಕೆ ಪಡೋಂಥದ್ದು ಏನೂ ಇಲ್ಲ. ರಾಲಿಯವರೇ "ಪೂರ್ತಿ ಸ್ಟೀಲ್ ಸೈಕಲ್" ಅಂತ ಹೆಮ್ಮೆಯಿಂದ ಜಾಹೀರಾತು ಮಾಡ್ತಿದ್ರು.

ಕೆಲಸ ಶುರುವಾಗೋದು ಹುಡುಕಾಟದಿಂದ. ನಮ್ಮ ಕಡೆ ಹಳೇ ಸೈಕಲ್‌ಗಳಿಗೆ ಯಾವಾಗಲೋ ಒಂದ್ಸಲ ಯಾರೋ ಬ್ರಷ್ ತಗೊಂಡು ಎನಾಮಲ್ ಬಳಿದಿರ್ತಾರೆ. ಹಬ್ಬಕ್ಕೆ ಮನೆ ಕಿಟಕಿಗೆ ಹೊಡೆದು ಮಿಕ್ಕಿದ್ದ ಬಣ್ಣ ಸೈಕಲ್‌ಗೂ ಬಿದ್ದಿರುತ್ತೆ. ದೊಡ್ಡಪ್ಪನ ಸೈಕಲ್ ಹಸಿರಾಗಿತ್ತು. ಅದನ್ನ ಸೀದಾ ಪೇಂಟ್ ರಿಮೂವರ್‌ಗೆ ಒಡ್ಡಬಾರದು, ರಿಮೂವರ್ ಮೇಲಿನ ಬಣ್ಣ ಕೆಳಗಿನ ಸ್ಟಿಕ್ಕರ್ ಅಂತ ಭೇದ ಮಾಡಲ್ಲ, ಎಲ್ಲಾ ಒಟ್ಟಿಗೆ ಎತ್ತಿಬಿಡುತ್ತೆ. ಸೀಟಿನ ಕೆಳಗಿನ ಪೈಪಿನ ಮೇಲೆ 1500 ನಂಬರ್ ವಾಟರ್ ಪೇಪರನ್ನ (ಒದ್ದೆ ಮಾಡಿ ಉಜ್ಜೋ ನುಣುಪು ಮರಳು ಕಾಗದ) ಸೋಪು ನೀರಲ್ಲಿ ಅದ್ದಿ, ಒಂದು ರಬ್ಬರ್ ತುಂಡಿಗೆ ಸುತ್ತಿ, ಒತ್ತದೆ ಸುಮ್ನೆ ಸವರ್ತಾ ಹೋದೆ. ಮೊದಲು ನೀರು ಹಸಿರಾಗುತ್ತೆ, ಒರೆಸೋದು, ಮತ್ತೆ ಸವರೋದು. ಹಸಿರು ತೆಳ್ಳಗಾಗಿ ಕೆಳಗಿನ ಕಪ್ಪು ಮಸುಕಾಗಿ ಕಾಣೋಕೆ ಶುರುವಾದಾಗ ಪೇಪರ್ ಬಿಟ್ಟು ಹತ್ತಿಗೆ ಸ್ವಲ್ಪ ಪಾಲಿಶ್ ಕಾಂಪೌಂಡ್ ಹಾಕಿ ಉಜ್ಜಬೇಕು. ಆಗ ಒಂದು ಕಡೆ ಕೂದಲೆಳೆಯಷ್ಟು ಚಿನ್ನದ ಅಂಚು ಕಾಣಿಸ್ತು, ಅದರ ಪಕ್ಕ ಒಂದು ಕೆಂಪು ಗೆರೆ, ಆಮೇಲೆ ಅರ್ಧ ಅಕ್ಷರ. ಪಕ್ಕದಲ್ಲಿ ಕೂತು ನೋಡ್ತಿದ್ದ ದೊಡ್ಡಮ್ಮ "ಅಯ್ಯೋ ಇದು ಇತ್ತು ಕಣೋ, ನಾನು ಮದುವೆಯಾಗಿ ಬಂದಾಗ ಇದ್ದಿದ್ದು ಇದೇ, ಮರ್ತೇ ಹೋಗಿತ್ತು" ಅಂದ್ರು.

ಹೀಗೆ ಸಿಕ್ಕಿದ್ದನ್ನ ಫೋಟೋ ತೆಗೆದ್ರೆ ಸಾಲ್ದು. ಪೈಪು ಗುಂಡಗಿರುತ್ತೆ, ಫೋಟೋದಲ್ಲಿ ಅಕ್ಷರದ ಎರಡು ಬದಿ ಕುಗ್ಗಿ ಕಾಣುತ್ತೆ, ಅದರಿಂದ ತೆಗೆದ ಅಳತೆ ಯಾವತ್ತೂ ಸರಿ ಬರಲ್ಲ. ನಾನು ಮಾಡೋದು ಇಷ್ಟೇ, ಹಳೇ ಒಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ತಗೊಂಡು ಪೈಪಿಗೆ ಬಿಗಿಯಾಗಿ ಸುತ್ತಿ, ಟೇಪ್ ಹಾಕಿ, ಸಣ್ಣ ಮೊನೆಯ ಮಾರ್ಕರಲ್ಲಿ ಕಾಣೋದನ್ನೆಲ್ಲ ಗೆರೆ ಎಳ್ಕೊಳ್ಳೋದು. ಶೀಟ್ ಬಿಚ್ಚಿ ಮೇಜಿನ ಮೇಲೆ ಹಾಸಿದ್ರೆ ನಿಜವಾದ ಅಳತೆ ಹಾಗೇ ಸಿಗುತ್ತೆ. ಅದರ ಮೇಲೆನೇ ಹೆಡ್ ಲಗ್ಗಿಂದ (ಹ್ಯಾಂಡಲ್ ಕಡೆ ಪೈಪುಗಳು ಸೇರೋ ಜಾಗ) ಎಷ್ಟು ಮಿಲಿಮೀಟರು, ಸೀಟ್ ಲಗ್ಗಿಂದ ಎಷ್ಟು, ಚೈನ್ ಕಡೆನೋ ಎಡಗಡೆನೋ ಅಂತ ಬರೆದಿಟ್ಕೊಳ್ಳಿ. ಬಣ್ಣಕ್ಕೆ ಮಾತ್ರ ಫೋಟೋ ಬೇಕು, ಹಗಲು ಬೆಳಕಲ್ಲಿ ತೆಗೀರಿ. ಚಿನ್ನದ ಬಣ್ಣ ನಂಬೋ ಮೊದಲು ಇನ್ನೊಂದು ವಿಷಯ ಗೊತ್ತಿರ್ಲಿ: ಹಳೇ ಸ್ಟಿಕ್ಕರ್‌ಗಳ ಚಿನ್ನ ಬಹುಪಾಲು ಕಂಚಿನ ಪುಡಿ, ಅಂದ್ರೆ ತಾಮ್ರ-ಸತು ಮಿಶ್ರಣ, ಗಾಳಿ ತಾಗಿ ತಾಗಿ ಅದು ಕಂದಾಗುತ್ತೆ. ಆ ಕಂದು ಬಣ್ಣನೇ ಒರಿಜಿನಲ್ ಅಂತ ಪ್ರಿಂಟ್ ಮಾಡಿಸಿದ್ರೆ ತಪ್ಪಾಗುತ್ತೆ. ಯಾವುದಾದರೂ ಕ್ಲಿಪ್ ಕೆಳಗೆ, ಪಂಪ್ ಹಿಡಿ ಕೆಳಗೆ ಮುಚ್ಚಿಹೋಗಿದ್ದ ಚೂರು ಇದ್ರೆ ಅಲ್ಲಿ ನೋಡಿ, ಅಸಲಿ ಬಣ್ಣ ಅಲ್ಲಿರುತ್ತೆ.

ಇಲ್ಲೇ ಒಂದು ಮಾತು. ಹುಡುಕಿದ್ಮೇಲೆ ಸ್ಟಿಕ್ಕರ್‌ಗಳು ಅರ್ಧಕ್ಕಿಂತ ಹೆಚ್ಚು ಚೆನ್ನಾಗಿವೆ ಅನ್ಸಿದ್ರೆ ದಯವಿಟ್ಟು ಆ ಸೈಕಲ್‌ಗೆ ಪೇಂಟ್ ಮಾಡ್ಸಬೇಡಿ. ಸ್ವಲ್ಪ ಸೋಪು ನೀರು, ಮೆತ್ತನೆ ಬಟ್ಟೆ, ಮೇಲೆ ವ್ಯಾಕ್ಸು, ಅಷ್ಟೇ ಸಾಕು. ಪೆಟ್ರೋಲಲ್ಲಿ, ಥಿನ್ನರಲ್ಲಿ ಒರೆಸೋದಂತೂ ಬೇಡವೇ ಬೇಡ. ಫ್ಯಾಕ್ಟರಿ ಹಾಕಿದ ಸ್ಟಿಕ್ಕರ್ ಒಂದೇ ಸಲ ಹಾಕಿರೋದು, ಎಷ್ಟೇ ಚೆನ್ನಾಗಿ ನಕಲು ಮಾಡಿದ್ರೂ ಅದು ನಕಲೇ. ನಮ್ಮ ಸೈಕಲಲ್ಲಿ ಸೀಟ್ ಪೈಪಿನ ಪಟ್ಟಿ, ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯೋ ಕೆಳಗಿನ ಪೈಪಿನ ಅಕ್ಷರಗಳಲ್ಲಿ ಕಾಲು ಭಾಗ, ಅಷ್ಟೇ ಉಳಿದಿತ್ತು, ಬಿಬಿ (ಪೆಡಲ್ ಅಚ್ಚು ಕೂರೋ ಜಾಗ) ಹತ್ರ ತುಕ್ಕು ಪೈಪನ್ನೇ ತಿಂತಿತ್ತು, ಹಾಗಾಗಿ ಪೇಂಟ್ ಅನಿವಾರ್ಯ ಆಯ್ತು.

ಈಗ ಪ್ರಿಂಟ್. ಗೆರೆ ಎಳೆದ ಶೀಟನ್ನ 600 ಡಿಪಿಐಲಿ ಸ್ಕ್ಯಾನ್ ಮಾಡಿ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಲ್ಲಿ ಅಕ್ಷರ ಅಕ್ಷರಾನೇ ಕೈಯಲ್ಲಿ ಎಳೆದೆ. ಕಂಪ್ಯೂಟರ್ ಫಾಂಟ್ ಹತ್ರ ಹತ್ರ ಇದೆ ಅಂತ ಹಾಕ್ಬಿಡೋದು ನನಗೆ ಒಪ್ಪಲ್ಲ, ಆಗಿನ ಅಕ್ಷರಗಳು ಕೈಯಲ್ಲಿ ಬರೆದಿದ್ದು, ಅದರ ಬಾಲದಲ್ಲಿ, ಹೊಟ್ಟೇಲಿ ಒಂದು ಲಯ ಇರುತ್ತೆ, ಫಾಂಟಲ್ಲಿ ಅದು ಸತ್ತುಹೋಗುತ್ತೆ.

ಮನೆ ಪ್ರಿಂಟರಲ್ಲಿ ವಾಟರ್‌ಸ್ಲೈಡ್ ಪೇಪರ್ (ನೀರಲ್ಲಿ ನೆನೆಸಿದ್ರೆ ಮೇಲಿನ ತೆಳು ಫಿಲ್ಮ್ ಜಾರಿ ಬರೋ ಸ್ಟಿಕ್ಕರ್ ಪೇಪರ್) ಹಾಕಿ ಪ್ರಿಂಟ್ ಮಾಡ್ಬೋದಲ್ವಾ ಅಂತ ತುಂಬಾ ಜನ ಕೇಳ್ತಾರೆ. ಬಿಳಿ, ಕೆನೆ ಬಣ್ಣದ ಫ್ರೇಮ್ ಆದ್ರೆ ಮಾಡ್ಬೋದು, ಇಂಕ್‌ಜೆಟ್ ಆದ್ರೆ ಪ್ರಿಂಟ್ ಆದ್ಮೇಲೆ ಕ್ಲಿಯರ್, ಅಂದ್ರೆ ಬಣ್ಣವಿಲ್ಲದ ಪಾರದರ್ಶಕ ಸ್ಪ್ರೇ ಹೊಡೆದು ಒಣಗಿಸಿನೇ ನೀರಿಗೆ ಹಾಕ್ಬೇಕು, ಇಲ್ಲಾಂದ್ರೆ ಇಂಕ್ ಹರಡುತ್ತೆ. ಆದ್ರೆ ನಮ್ಮ ರೋಡ್‌ಸ್ಟರ್‌ಗಳು ಕಪ್ಪು. ಮನೆ ಪ್ರಿಂಟರಿಗೆ ಬಿಳಿ ಇಂಕೂ ಇಲ್ಲ, ಚಿನ್ನದ ಇಂಕೂ ಇಲ್ಲ. ಕ್ಲಿಯರ್ ಪೇಪರ್ ಮೇಲೆ ಹಳದಿ ಪ್ರಿಂಟ್ ಮಾಡಿ ಕಪ್ಪು ಫ್ರೇಮ್ ಮೇಲೆ ಇಟ್ರೆ ಏನೂ ಕಾಣ್ಸಲ್ಲ, ಇಂಕು ಪಾರದರ್ಶಕ, ಕೆಳಗಿನ ಕಪ್ಪು ಅದನ್ನ ನುಂಗುತ್ತೆ. ಬಿಳಿ ಪೇಪರ್ ಹಾಕಿದ್ರೆ ಅಕ್ಷರದ ಅಂಚು ಅಂಚಿಗೆ ಬ್ಲೇಡಲ್ಲಿ ಕತ್ತರಿಸ್ಬೇಕು, ಮಿಲಿಮೀಟರ್ ದಪ್ಪದ ಗೆರೆಗಳಲ್ಲಿ ಅದು ಆಗೋ ಮಾತಲ್ಲ.

ರೇಡಿಯಂ ಅಂಗಡಿ ಇನ್ನೊಂದು ದಾರಿ, ನಂಬರ್ ಪ್ಲೇಟ್ ಮಾಡೋರು. ಅವರ ಪ್ಲಾಟರ್ ಮೆಷಿನ್ ವಿನೈಲನ್ನ ಚೆನ್ನಾಗಿ ಕತ್ತರಿಸುತ್ತೆ, ದೊಡ್ಡ ಅಕ್ಷರಕ್ಕೆ ಪರವಾಗಿಲ್ಲ. ಸಮಸ್ಯೆ ದಪ್ಪದ್ದು. ಒಳ್ಳೇ ಕಾಸ್ಟ್ ವಿನೈಲೇ ಸುಮಾರು 50 ಮೈಕ್ರಾನ್ ಇರುತ್ತೆ, ಅಂಗಡೀಲಿ ಸಾಮಾನ್ಯವಾಗಿ ಸಿಗೋದು ಅದಕ್ಕಿಂತ ದಪ್ಪ. ಅದರ ಮೇಲೆ ಎಷ್ಟು ಕ್ಲಿಯರ್ ಹೊಡೆದ್ರೂ ಬೆರಳಾಡಿಸಿದ್ರೆ ಅಂಚು ಗೊತ್ತಾಗುತ್ತೆ. ಹಳೇ ಸೈಕಲಲ್ಲಿ ಅಕ್ಷರ ಪೇಂಟಿನ ಒಳಗೇ ಇರೋ ಹಾಗೆ ಕಾಣ್ಬೇಕು. ವಿನೈಲನ್ನ ಸ್ಟಿಕ್ಕರ್ ಆಗಿ ಬಳಸೋ ಬದಲು ಸ್ಟೆನ್ಸಿಲ್ ಆಗಿ ಬಳಸಿ ಅಕ್ಷರಗಳನ್ನ ಸ್ಪ್ರೇ ಮಾಡೋದು ಒಳ್ಳೇ ಉಪಾಯ, ಒಂದೇ ಬಣ್ಣದ ಅಕ್ಷರ ಇರೋರು ಅದನ್ನೇ ಮಾಡಿ.

ನನಗೆ ಕೊನೆಗೆ ದಾರಿ ತೋರಿಸಿದ್ದು ಲಗ್ನಪತ್ರಿಕೆ. ನಮ್ಮ ಪ್ರತಿ ಊರಲ್ಲೂ ಸ್ಕ್ರೀನ್ ಪ್ರಿಂಟಿಂಗ್ ಮಾಡೋರಿದ್ದಾರೆ, ಬೆಂಗಳೂರಿನ ಸುಲ್ತಾನ್‌ಪೇಟೆ ಕಡೆ ಹೋದ್ರೆ ಬೀದಿ ತುಂಬಾ ಪತ್ರಿಕೆ ಅಂಗಡಿಗಳೇ, ಅವರಿಗೆ ಚಿನ್ನದ ಇಂಕು ಬೆಳಗಾದ್ರೆ ಮಾಡೋ ಕೆಲಸ. ಮೈಸೂರಲ್ಲಿ ನಮ್ಮ ಬೀದಿ ಹಿಂದೆನೇ ಒಬ್ರು ವಯಸ್ಸಾದ ಯಜಮಾನ್ರು ಇನ್ನೂ ಕೈಯಲ್ಲೇ ಸ್ಕ್ರೀನ್ ಎಳೀತಾರೆ. ವಾಟರ್‌ಸ್ಲೈಡ್ ಪೇಪರ್ ತೋರಿಸಿ "ಇದರ ಮೇಲೆ ಆಗುತ್ತಾ ಸಾರ್" ಅಂದೆ. ತಿರುಗಿಸಿ ನೋಡಿದ್ರು, ಮೂಲೆಗೆ ನಾಲಿಗೆ ತಾಗಿಸಿ ನೋಡಿದ್ರು, "ಗೋಂದು ಇದೆ ಇದರಲ್ಲಿ, ನೀರಿನ ಇಂಕು ಆಗಲ್ಲಪ್ಪ, ಪಿವಿಸಿ ಇಂಕು ಹಾಕೋಣ. ಒಂದೊಂದು ಬಣ್ಣ ಪೂರ್ತಿ ಒಣಗ್ಬೇಕು, ಅವಸರ ಮಾಡ್ಬೇಡ" ಅಂದ್ರು. ಅವರು ಹೇಳಿದ್ದು ಅಕ್ಷರಶಃ ಸರಿ. ಮೊದಲು ಚಿನ್ನ, ಅದರ ಮೇಲೆ ಕೆಂಪು, ಆಮೇಲೆ ಕಪ್ಪು ಅಂಚು, ಎಲ್ಲಕ್ಕಿಂತ ಮೇಲೆ ಒಂದು ಕ್ಲಿಯರ್ ಪದರ. ಆ ಕ್ಲಿಯರ್ ಪದರ ಅಕ್ಷರಗಳಿಗಿಂತ ಒಂದೆರಡು ಮಿಲಿಮೀಟರ್ ಆಚೆಗೂ ಹರಡಿರ್ಬೇಕು, ಯಾಕಂದ್ರೆ ನೀರಲ್ಲಿ ಬಿಟ್ಟಾಗ ಎಲ್ಲ ಅಕ್ಷರಗಳನ್ನ ಒಟ್ಟಿಗೆ ಹಿಡ್ಕೊಳ್ಳೋದು ಅದೇ. ಪ್ರತಿ ಬಣ್ಣ ಹಿಂದಿನ ಬಣ್ಣದ ಮೇಲೆ ಸರಿಯಾಗಿ ಕೂರೋಕೆ ಮೂಲೆಗಳಲ್ಲಿ ಕೂಡುಗೆರೆ ಗುರುತು ಹಾಕಿಟ್ಟಿದ್ದೆ. ಒಂದೇ ಹಾಳೇಲಿ ಪ್ರತಿ ಸ್ಟಿಕ್ಕರ್‌ಗೂ ಎಕ್ಸ್‌ಟ್ರಾ ಪ್ರಿಂಟ್ ಮಾಡಿಸ್ಕೊಳ್ಳಿ, ಸ್ಕ್ರೀನ್ ಮಾಡ್ಸೋದಕ್ಕೇ ದುಡ್ಡು, ಹಾಳೆ ಜಾಸ್ತಿ ಆದ್ರೆ ಏನೂ ಹೊರೆ ಆಗಲ್ಲ.

ಪೇಂಟ್ ಅಂಗಡೀಲಿ ಎಲ್ಲರೂ ಹೇಳೋದು ಒಂದೇ: "ಲ್ಯಾಕರ್ ಹೊಡೆದು ಫಿನಿಶ್ ಮಾಡಿ ಕೊಡ್ತೀನಿ ಸಾರ್, ಸ್ಟಿಕ್ಕರ್ ಮನೇಲಿ ಅಂಟಿಸ್ಕೊಳ್ಳಿ." ಬೈಕ್ ಟ್ಯಾಂಕಿಗೆ ಅದು ನಡೆಯುತ್ತೇನೋ, ಇಲ್ಲಿ ನಡೆಯಲ್ಲ. ವಾಟರ್‌ಸ್ಲೈಡ್ ಫಿಲ್ಮು ತುಂಬಾ ತೆಳು, ಮೇಲೆ ಕ್ಲಿಯರ್ ಇಲ್ದಿದ್ರೆ ಪ್ಯಾಂಟ್ ಉಜ್ಜಿ ಉಜ್ಜಿನೇ ಹೋಗ್ಬಿಡುತ್ತೆ. ಹಾಗಾಗಿ ಪೇಂಟರ್ ಹತ್ರ ಮೊದಲೇ ಮಾತಾಡಿ ಕೆಲಸಾನ ಎರಡು ಭಾಗ ಮಾಡ್ಕೊಳ್ಳಿ, ಕಪ್ಪು ಹೊಡೆದು ಫ್ರೇಮ್ ನಿಮಗೆ ಕೊಡ್ಲಿ, ನೀವು ಸ್ಟಿಕ್ಕರ್ ಕೂರಿಸಿ ವಾಪಸ್ ಕೊಡಿ, ಆಮೇಲೆ ಲ್ಯಾಕರ್, ಅಂದ್ರೆ ಆ ಕ್ಲಿಯರ್ ಕೋಟು. ಪೌಡರ್ ಕೋಟಿಂಗ್ ಮಾಡಿಸೋರಿಗೂ ಇದೇ, ಅದು ಸುಮಾರು 180ರಿಂದ 200 ಡಿಗ್ರಿ ಓವನಲ್ಲಿ ಬೇಯೋದು, ಸ್ಟಿಕ್ಕರ್ ಮೇಲೆ ಮತ್ತೆ ಪೌಡರ್ ಕ್ಲಿಯರ್ ಹಾಕಿಸೋಕೆ ಹೋಗ್ಬೇಡಿ, ಸುಟ್ಟುಹೋಗುತ್ತೆ, ಮೇಲಿನ ಕ್ಲಿಯರ್ ಸ್ಪ್ರೇನೇ ಆಗ್ಬೇಕು. ಕಪ್ಪು ಬಣ್ಣ ಮ್ಯಾಟ್ ಆಗಿದ್ರೂ ಕಷ್ಟ, ಒರಟು ಮೇಲ್ಮೈ ಮೇಲೆ ಫಿಲ್ಮ್ ಕೆಳಗೆ ಗಾಳಿ ಸಿಕ್ಕೊಂಡು ಬೆಳ್ಳಿ ಬೆಳ್ಳಿಯಾಗಿ ಹೊಳೆಯುತ್ತೆ. ಅದಕ್ಕೆ ಸ್ಟಿಕ್ಕರ್ ಕೂರೋ ಜಾಗ ಆದಷ್ಟು ನುಣುಪಾಗಿರ್ಬೇಕು, 2000 ನಂಬರ್ ವಾಟರ್ ಪೇಪರಲ್ಲಿ ಹಗುರವಾಗಿ ಸವರಿದ್ರೆ ಸಾಕು, ಉಳಿದ ಕಡೆ ಲ್ಯಾಕರ್ ಹಿಡಿಯೋಕೆ 800, 1000 ಓಕೆ.

ಇನ್ನು ಜಾಗ ಗುರುತು ಹಾಕೋದು. ಇದರಲ್ಲಿ ಎಷ್ಟು ಟೈಮ್ ಹಾಕಿದ್ರೂ ಕಮ್ಮಿನೇ. ಇಂಗ್ಲಿಷ್ ಅಳತೆಯ ಫ್ರೇಮಲ್ಲಿ ಕೆಳಗಿನ ಪೈಪು, ಸೀಟ್ ಪೈಪು 28.6 ಮಿಲಿಮೀಟರ್, ಅಂದ್ರೆ ಸುತ್ತಳತೆ ಸುಮಾರು 90, ಮೇಲಿನ ಬಾರು 25.4, ಅದರ ಸುತ್ತಳತೆ 80ರ ಹತ್ರ. ಪೈಪಿಗೆ ಒಂದು ಪೇಪರ್ ಪಟ್ಟಿ ಸುತ್ತಿ, ಸೇರೋ ಕಡೆ ಗುರುತು ಹಾಕಿ, ಬಿಚ್ಚಿ ಎರಡಾಗಿ ಮಡಿಸಿ, ಮತ್ತೆ ಎರಡಾಗಿ ಮಡಿಸಿದ್ರೆ ಪೈಪಿನ ನಾಲ್ಕು ಬದಿಯ ಮಧ್ಯ ಸಿಗುತ್ತೆ. ಪಟ್ಟೀನ ಮತ್ತೆ ಪೈಪಿಗೆ ಸುತ್ತಿ ಹೆಡ್ ಕಡೆ ಒಂದು, ಬಿಬಿ ಕಡೆ ಒಂದು ಗುರುತು ಹಾಕಿ, ನಡುವೆ ದಾರ ಕಟ್ಟಿ ಬಿಗಿ ಮಾಡಿ, ದಾರದ ಪಕ್ಕ ಮಾಸ್ಕಿಂಗ್ ಟೇಪ್ ಅಂಟಿಸಿದ್ರೆ ಅದೇ ನಿಮ್ಮ ಗೆರೆ. ಕೆಳಗಿನ ಪೈಪಿನ ಅಕ್ಷರ ಚೈನ್ ಕಡೆಯಿಂದ ನೋಡಿದಾಗ ಬಿಬಿ ಹತ್ರ ಶುರುವಾಗಿ ಹೆಡ್ ಕಡೆ ಮುಗಿಯುತ್ತೆ, ಎಡಗಡೆ ಅದರ ಉಲ್ಟಾ, ಹೆಡ್ ಹತ್ರ ಶುರು. ಇದನ್ನ ಬರೆದಿಟ್ಕೊಳ್ಳಿ, ಫ್ರೇಮ್ ತಲೆಕೆಳಗಾಗಿ ಸ್ಟ್ಯಾಂಡ್ ಮೇಲಿದ್ದಾಗ ಎಂಥೋರಿಗೂ ಗೊಂದಲ ಆಗುತ್ತೆ. ರಾಡ್ ಬ್ರೇಕಿನ ಕ್ಲಿಪ್ಪು, ಪಂಪ್ ಹಿಡಿ ಇವೆಲ್ಲ ಎಲ್ಲಿ ಬರುತ್ತೆ ಅಂತ ಒಂದ್ಸಲ ಖಾಲಿ ಫ್ರೇಮಿಗೆ ಹಾಕಿ ನೋಡಿ ತೆಗೀರಿ.

ನೀರು. ನಮ್ಮ ಬೋರ್‌ವೆಲ್ ನೀರಲ್ಲಿ ಉಪ್ಪು ಜಾಸ್ತಿ, ಒಣಗಿದ್ಮೇಲೆ ಸ್ಟಿಕ್ಕರ್ ಅಂಚಲ್ಲಿ ಬಿಳಿ ಕಲೆ ಕೂರುತ್ತೆ, ಮೇಲೆ ಲ್ಯಾಕರ್ ಬಿದ್ರೆ ಅದು ಶಾಶ್ವತ. ಎಲೆಕ್ಟ್ರಿಕಲ್ ಅಂಗಡೀಲಿ, ಪೆಟ್ರೋಲ್ ಬಂಕಲ್ಲಿ ಬ್ಯಾಟರಿ ವಾಟರ್ ಅಂತ ಸಿಗುತ್ತಲ್ಲ, ಅದು ತಗೊಳ್ಳಿ, ಸ್ವಲ್ಪ ಉಗುರುಬೆಚ್ಚಗೆ ಮಾಡಿ. ಫ್ರೇಮನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಸ್ಟಿಕ್ಕರನ್ನ ಕತ್ತರಿಸಿ ನೀರಲ್ಲಿ ಅರ್ಧ ನಿಮಿಷ ಬಿಟ್ಟು, ತೆಗೆದು ಪ್ಲೇಟ್ ಮೇಲೆ ಇಡಿ, ಪೇಪರ್ ಮೇಲಿನ ಗೋಂದು ಕರಗೋಕೆ ಇನ್ನೊಂದು ನಿಮಿಷ ಬೇಕು. ಹೆಬ್ಬೆರಳಲ್ಲಿ ಮೆಲ್ಲಗೆ ತಳ್ಳಿದಾಗ ಹಾಲಿನ ಕೆನೆ ಥರ ಸರಿಯೋಕೆ ಶುರುವಾದ್ರೆ ರೆಡಿ ಅಂತ ಅರ್ಥ. ಫ್ರೇಮ್ ಮೇಲೆ ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರು ಹಚ್ಚಿ, ಸ್ಟಿಕ್ಕರನ್ನ ಪೇಪರ್ ಸಮೇತ ಜಾಗಕ್ಕೆ ಒಯ್ದು, ಫಿಲ್ಮನ್ನ ಬೆರಳಲ್ಲಿ ತಡೆದು ಹಿಡಿದು ಕೆಳಗಿಂದ ಪೇಪರ್ ಎಳೀರಿ. ಫಿಲ್ಮ್ ಎಳೀಬಾರ್ದು, ಪೇಪರ್ ಎಳೀಬೇಕು. ಸೋಪು ನೀರು ಇರೋ ತನಕ ಅದು ಜಾರ್ತಾನೇ ಇರುತ್ತೆ, ಗೆರೆಗೆ ಸರಿಯಾಗಿ ಕೂರೋ ತನಕ ಆರಾಮಾಗಿ ಸರಿಸ್ಕೊಳ್ಳಿ. ಆಮೇಲೆ ಒದ್ದೆ ಹತ್ತಿ ಬಟ್ಟೆ ಬೆರಳಿಗೆ ಸುತ್ತಿ ಮಧ್ಯದಿಂದ ಹೊರಗಡೆಗೆ ನೀರು ಒತ್ತಿ ತೆಗೀರಿ, ಆಚೆ ಬಂದ ಗೋಂದನ್ನೂ ಒರೆಸಿಬಿಡಿ.

ಸೀಟ್ ಪೈಪಿನ ಪಟ್ಟಿ ಸುತ್ತೋದೇ ಎಲ್ಲಕ್ಕಿಂತ ಕಷ್ಟ, ಶುರುವಲ್ಲಿ ಅರ್ಧ ಮಿಲಿಮೀಟರ್ ವಾರೆ ಆದ್ರೆ ಹಿಂದುಗಡೆ ಸೇರೋವಾಗ ಎದ್ದು ಕಾಣುತ್ತೆ. ಮುಂದಿನ ಮಧ್ಯಗೆರೆಗೆ ಪಟ್ಟಿಯ ಮಧ್ಯ ಕೂರಿಸಿ ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ಸುತ್ತಿ, ಸೇರೋ ಜಾಗ ಹಿಂದಿನ ಮಡ್‌ಗಾರ್ಡ್ ಕಡೆ ಬರೋ ಹಾಗೆ ನೋಡ್ಕೊಳ್ಳಿ. ಎಲ್ಲಾದ್ರೂ ಫಿಲ್ಮ್ ಬಾಗದೆ ಎದ್ದು ನಿಂತ್ರೆ ಅಡುಗೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬ್ರಷ್‌ನಲ್ಲಿ ಹಚ್ಚಿ ಒಂದೆರಡು ನಿಮಿಷ ಬಿಡಿ, ಮೆತ್ತಗಾಗಿ ಕೂರುತ್ತೆ. ಸಣ್ಣ ಗುಳ್ಳೆ ಉಳಿದಿದ್ರೆ ಸೂಜಿ ಮೊನೆಯಲ್ಲಿ ಚುಚ್ಚಿ ಒತ್ತಿ. ಆಮೇಲೆ ಒಂದು ದಿನ ಪೂರ್ತಿ ಮುಟ್ಟದೆ ಧೂಳಿಲ್ದಿರೋ ಕಡೆ ಇಡಿ.

ಲ್ಯಾಕರ್ ಹೊಡೆಯೋ ದಿನ ಪೇಂಟರ್ ಪಕ್ಕ ನಿಂತ್ಕೊಂಡೆ. "ಮೊದಲನೇದು ಮಂಜು ಬಿದ್ದಷ್ಟೇ ಹೊಡೀರಿ ಅಣ್ಣ, ಒದ್ದೆ ಆಗ್ಬಾರ್ದು" ಅಂದೆ. ಮೊದಲ ಕೋಟೇ ದಪ್ಪಗೆ ಬಿದ್ರೆ ಥಿನ್ನರು ಸ್ಟಿಕ್ಕರ್ ಫಿಲ್ಮನ್ನ ಕರಗಿಸಿ ಸುಕ್ಕುಗಟ್ಟಿಸುತ್ತೆ. ಎರಡು ಸಲ ತೆಳುವಾಗಿ ಬಿದ್ದು ಒಣಗಿದ್ಮೇಲೆ ಒದ್ದೆ ಕೋಟ್ ಹೊಡೆದ್ರೆ ತೊಂದರೆ ಇಲ್ಲ. ಅದು ಗಟ್ಟಿಯಾದ್ಮೇಲೆ ಸ್ಟಿಕ್ಕರ್ ಅಂಚನ್ನ 2000 ನಂಬರಲ್ಲಿ ಸವರಿ ಮಟ್ಟ ಮಾಡಿ ಕೊನೇ ಕೋಟ್. ಮಳೆಗಾಲದಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಹೊಡೆಸಬೇಡಿ, ಥಿನ್ನರ್ ಆರೋವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು ಬೆಳ್ಳಗಾಗುತ್ತೆ, ಚಿನ್ನದ ಬಣ್ಣ ಸತ್ತ ಹಾಗೆ ಕಾಣುತ್ತೆ. ಹಾರ್ಡ್ನರ್ ಬೆರೆಸೋ ಪಿಯು (ಪಾಲಿಯುರೆಥೇನ್) ಲ್ಯಾಕರ್ ಗಟ್ಟಿ, ಪೆಟ್ರೋಲ್ ಬಿದ್ರೂ ಜಗ್ಗಲ್ಲ, ಆದ್ರೆ ಅದರಲ್ಲಿರೋ ಐಸೊಸಯನೇಟ್ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಮೂಗಿಗೆ ಕರ್ಚೀಫ್ ಕಟ್ಕೊಂಡ್ರೆ ಏನೂ ತಡೆಯಲ್ಲ. ಅದನ್ನ ಮನೇಲಿ ಹೊಡೆಯೋದು ಬೇಡ. ಹೊಡೆಯೋ ಹುಡುಗ್ರಿಗೂ ಸರಿಯಾದ ಮಾಸ್ಕ್ ಇದೆಯಾ ಅಂತ ಕೇಳಿ, ಇಲ್ಲಾಂದ್ರೆ ಬೇರೆ ಕಡೆ ಕೊಡಿ, ನಮ್ಮ ಸೈಕಲ್ ಚೆಂದಕ್ಕೆ ಇನ್ನೊಬ್ರ ಉಸಿರು ಹಾಳಾಗ್ಬಾರ್ದು.

ಜೋಡಿಸೋವಾಗ ಪ್ರತಿ ಕ್ಲಿಪ್ ಕೆಳಗೂ ಹಳೇ ಟ್ಯೂಬಿಂದ ಕತ್ತರಿಸಿದ ತೆಳು ರಬ್ಬರ್ ಇಡಿ. ಸಿಲಿಕಾನ್ ಪಾಲಿಶ್ ಕೆಲವು ವಾರ ಹಾಕ್ಬೇಡಿ, ಲ್ಯಾಕರ್ ಒಳಗಿಂದ ಇನ್ನೂ ಗಟ್ಟಿಯಾಗ್ತಿರುತ್ತೆ. ಹಿಂದಿನ ಮಡ್‌ಗಾರ್ಡಿನ ಬಾಲಕ್ಕೆ ಬಿಳಿ ಬಣ್ಣ ಮರೀಬೇಡಿ, ರಾತ್ರಿ ಹಿಂದೆ ಬರೋರಿಗೆ ಕಾಣ್ಲಿ ಅಂತ ಇದ್ದಿದ್ದು ಅದು, ಸುಮಾರು ಜನ ಪೂರ್ತಿ ಕಪ್ಪು ಮಾಡಿಸಿಬಿಡ್ತಾರೆ.

ಈಗ ನನ್ನ ಹತ್ರ ಫ್ರೇಮಿನ ಎಲ್ಲ ಸ್ಟಿಕ್ಕರ್‌ಗಳ ಫೈಲ್ ಇದೆ, ಅದೇ ಆಸನ್ಸೋಲ್ ರಾಲಿ ಇಟ್ಕೊಂಡಿರೋರು ಕೇಳಿದ್ರೆ ಹಾಗೇ ಕೊಡ್ತೀನಿ, ಸ್ಕ್ರೀನ್ ಕೂಡ ತೊಳೆಸದೆ ಎತ್ತಿಟ್ಟಿದೀನಿ. ಸಿಗದೇ ಇರೋದು ಚೈನ್ ಕವರ್‌ದು ಮಾತ್ರ, ದೊಡ್ಡಪ್ಪನ ಸೈಕಲಲ್ಲಿ ಅದು ಪೂರ್ತಿ ಅಳಿಸಿಹೋಗಿತ್ತು, ಊಹೆ ಮಾಡಿ ಏನೋ ಒಂದು ಬರೆಯೋಕೆ ಮನಸ್ಸಿಲ್ಲದೆ ಸದ್ಯಕ್ಕೆ ಕಪ್ಪಾಗೇ ಬಿಟ್ಟಿದೀನಿ. ನಿಮ್ಮ ಅಟ್ಟದ ಮೇಲೆ, ಕೊಟ್ಟಿಗೇಲಿ ಅಂಥ ಸೈಕಲ್ ಇದ್ದು ಚೈನ್ ಕವರ್ ಮೇಲೆ ಅಕ್ಷರ ಇನ್ನೂ ಕಾಣ್ತಿದ್ರೆ ಬರೀರಿ, ಮೈಸೂರಿಂದ ಒಂದು ದಿನದಲ್ಲಿ ಹೋಗಿ ಬರೋಷ್ಟು ದೂರ ಇದ್ರೆ ಶೀಟು, ಮಾರ್ಕರ್ ತಗೊಂಡು ನಾನೇ ಬರ್ತೀನಿ.